ವಿನಾಯಿತಿಯ ಬಾಗಿಲು ಕಾಗದದ ಮೇಲೆ ಮಾತ್ರ ತೆರೆದಿತ್ತು

ಧಾರ್ಮಿಕ ಕಾರಣ ನೀಡಿದ ಅಮೆರಿಕನ್ ಸೈನಿಕರಿಗೆ ಕೋವಿಡ್ ಲಸಿಕೆಯಿಂದ ವಿನಾಯಿತಿ ಏಕೆ ಸಿಗಲಿಲ್ಲ, ಆ ಆದೇಶ ಈಗಲೂ ಇದೆಯೇ ಎಂದು ಕೇಳಿದ್ದೀರಿ.

ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ 2021ರ ಆಗಸ್ಟ್ 24ರಂದು ಲಸಿಕೆಯನ್ನು ಕಡ್ಡಾಯಗೊಳಿಸಿದಾಗ ವೈದ್ಯಕೀಯ, ಆಡಳಿತಾತ್ಮಕ ಮತ್ತು ಧಾರ್ಮಿಕ ವಿನಾಯಿತಿಗಳಿಗೆ ಅವಕಾಶವಿತ್ತು. ಒಬ್ಬನ ಧಾರ್ಮಿಕ ಆಚರಣೆಗೆ ಸರ್ಕಾರ ಅಡ್ಡಿಯಾಗಬೇಕಾದರೆ ಅದಕ್ಕೆ ಬಲವಾದ ಕಾರಣವಿರಬೇಕು, ಅದಕ್ಕಿಂತ ಸೌಮ್ಯವಾದ ಬೇರೆ ದಾರಿ ಇರಬಾರದು ಎಂದು 1993ರ ಕಾನೂನು ಹೇಳುತ್ತದೆ. ಅದು ಸೇನೆಗೂ ಅನ್ವಯಿಸುತ್ತದೆ. ಆದರೆ ನೌಕಾಪಡೆಯ ವಿಶೇಷ ಕಾರ್ಯಾಚರಣೆ ಪಡೆಯಾದ ಸೀಲ್ ಯೋಧರ ಮೊಕದ್ದಮೆಯಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶ ರೀಡ್ ಓಕಾನರ್ 2022ರ ಜನವರಿಯಲ್ಲಿ ಗುರುತಿಸಿದ ಸಂಗತಿಯನ್ನು ನೋಡಿ: ಅರ್ಜಿ ಪರಿಶೀಲನೆಯ 50 ಹಂತಗಳಲ್ಲಿ ಆರಂಭದಲ್ಲೇ, ಮೊದಲೇ ಸಿದ್ಧವಾಗಿದ್ದ ತಿರಸ್ಕಾರ ಪತ್ರದ ನಮೂನೆಯಲ್ಲಿ ಅರ್ಜಿದಾರನ ಹೆಸರು ಮತ್ತು ಹುದ್ದೆಯನ್ನು ತುಂಬಲಾಗುತ್ತಿತ್ತು. ಲಸಿಕೆಯ ಅಗತ್ಯವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ, ಆದರೂ ಅಹವಾಲನ್ನು ಕೇಳುವ ಮುನ್ನವೇ ಉತ್ತರ ಬರೆದಿಡುವುದು ಅನ್ಯಾಯವೆಂದೇ ನನ್ನ ಭಾವನೆ.

ಹಾಗೆಂದು ನ್ಯಾಯಾಲಯಗಳು ಸೇನೆಯ ಕೈ ಪೂರ್ತಿ ಕಟ್ಟಿಹಾಕಲಿಲ್ಲ. ಇಕ್ಕಟ್ಟಾದ ಜಲಾಂತರ್ಗಾಮಿಯಲ್ಲಿ ಒಬ್ಬನ ಸೋಂಕು ಎಲ್ಲರಿಗೂ ತಗಲಬಹುದಾದ್ದರಿಂದ ಈ ಪ್ರಶ್ನೆ ವೈಯಕ್ತಿಕ ಆಯ್ಕೆಗಷ್ಟೇ ಸೀಮಿತವಲ್ಲ; ಯಾರನ್ನು ಎಲ್ಲಿಗೆ ನಿಯೋಜಿಸಬೇಕು ಎಂಬ ತೀರ್ಮಾನದಲ್ಲಿ ಲಸಿಕೆಯನ್ನು ಪರಿಗಣಿಸಲು 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೌಕಾಪಡೆಗೆ ಅನುಮತಿ ನೀಡಿತು.

ಕೊನೆಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕಾನೂನಿನಂತೆ 2023ರ ಜನವರಿ 10ರಂದು ಆದೇಶ ರದ್ದಾಯಿತು. ಅಷ್ಟರಲ್ಲಿ 8,000ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡಿದ್ದರು. ಅವರನ್ನು ಮರಳಿ ಸೇರಿಸಿಕೊಳ್ಳಲು ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ಆದೇಶಿಸಿದ್ದಾರೆ.