ಜೊಲ್ಲು ಅನ್ನ ಕೇಳುವುದಿಲ್ಲ

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ: “ಮೂರೂವರೆ ತಿಂಗಳ ಮೊಮ್ಮಗನಿಗೆ ಜೊಲ್ಲೋ ಜೊಲ್ಲು. ಈ ಮಳೆಯಲ್ಲಿ ಅಂಗಿ ಒಣಗಿಸುವುದೇ ಕೆಲಸವಾಗಿದೆ. ಜೊಲ್ಲು ಬಂತೆಂದರೆ ಹೊಟ್ಟೆ ಅನ್ನ ಕೇಳುತ್ತಿದೆ ಎಂದು ನಮ್ಮ ಹಿರಿಯರ ಲೆಕ್ಕ. ತೆಳು ಗಂಜಿ ಕೊಡೋಣವೆಂದರೆ ಸೊಸೆ ಆರು ತಿಂಗಳು ತುಂಬಲಿ ಎಂದು ಹಟ ಹಿಡಿದಿದ್ದಾಳೆ. ಯಾರು ಸರಿ?”

ಸೊಸೆ ಸರಿ, ತಾಯಿ. ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ, ಜೊಲ್ಲೂರಿಸುವ ಲಾಲಾಗ್ರಂಥಿಗಳು ಚುರುಕಾಗುವ ಕಾಲವೇ ಇದು. ಆದರೆ ಅಂಗಿ ಒದ್ದೆಯಾಗುವುದು ಊರಿದ್ದನ್ನು ನುಂಗಲು ಬಾರದ್ದಕ್ಕೆ. ತುಟಿ ಬಿಗಿಹಿಡಿಯುವುದು, ನಾಲಿಗೆಯಿಂದ ಹಿಂದಕ್ಕೆ ತಳ್ಳುವುದು ಆ ಮಗುವಿಗೆ ಇನ್ನೂ ಕೂಡಿಬಂದಿಲ್ಲ.

ಮೂರು ಜೊತೆ ದೊಡ್ಡ ಗ್ರಂಥಿಗಳು ಗರ್ಭದಲ್ಲೇ ಮೂಡುತ್ತವೆ. ಕಿವಿಯ ಮುಂದೊಂದು, ದವಡೆಯ ಕೆಳಗೊಂದು, ನಾಲಿಗೆಯಡಿ ಒಂದು. ಹುಟ್ಟುವಾಗ ನಾಳಗಳು ಕವಲೊಡೆದಿರುತ್ತವೆ, ತುದಿಯ ರಸಚೀಲಗಳು ಮಾತ್ರ ಇನ್ನೂ ಎಳಸು. ರಸ ತಯಾರಾಗುವುದು ಎರಡು ಹಂತದಲ್ಲಿ: ಚೀಲ ರಕ್ತದಷ್ಟೇ ಉಪ್ಪಿನ ನೀರು ಸುರಿಯುತ್ತದೆ, ನಾಳ ಅದರಿಂದ ಉಪ್ಪನ್ನು ವಾಪಸು ಹೀರಿಕೊಳ್ಳುತ್ತದೆ. ಒಂದು ಬಗೆಯ ನರ ಮುಖ್ಯವಾಗಿ ನೀರು ಹರಿಸಿದರೆ ಇನ್ನೊಂದು ಪ್ರೋಟೀನು ಬಿಡಿಸುತ್ತದೆ. ಈ ಹೊಂದಾಣಿಕೆ ಪಕ್ವವಾಗುವುದು ಹುಟ್ಟಿದ ಮೇಲೆ. ಇಲಿಮರಿಯ ದವಡೆಗ್ರಂಥಿಯಲ್ಲಿ ಮೊದಲ ವಾರಗಳಿಗಷ್ಟೇ ಎಂಬಂತೆ ಕೆಲವು ಕೋಶಗಳಿದ್ದು, ಆಮೇಲೆ ಖಾಯಂ ಕೋಶಗಳು ಜಾಗ ಹಿಡಿಯುತ್ತವೆ. ಅದರ ಕಿವಿಮುಂದಿನ ಗ್ರಂಥಿ ಬಲಿಯುವುದು ಹಾಲು ಬಿಡುವ ಹೊತ್ತಿಗೆ, ಸುಮಾರು ಮೂರನೆಯ ವಾರಕ್ಕೆ.

ನಮ್ಮ ಕೂಸುಗಳಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಹುಟ್ಟುವಾಗ ಜೊಲ್ಲಿನಲ್ಲಿ ತೀರಾ ಕಡಿಮೆ. ತಿಂಗಳು ತಿಂಗಳಿಗೆ ಏರಿ, ದೊಡ್ಡವರ ಮಟ್ಟದ ಹತ್ತಿರ ಬರಲು ಆರು ತಿಂಗಳಿಂದ ವರ್ಷ ಬೇಕು. ಮೇದೋಜೀರಕದ ಅಮೈಲೇಸ್ ಇನ್ನೂ ನಿಧಾನ. ಎದೆಹಾಲಿನಲ್ಲೂ ಅಮೈಲೇಸ್ ಇರುವುದರಿಂದ ನಿಮ್ಮ ಎರಡು ಚಮಚ ಗಂಜಿ ಜೀರ್ಣವಾಗದೇ ಹೋಗದು, ಒಪ್ಪುತ್ತೇನೆ. ತೊಂದರೆ ಬೇರೆ: ನೀರುಗಂಜಿ ಹೊಟ್ಟೆ ತುಂಬಿಸಿ ಹಾಲು ಕಡಿಮೆ ಮಾಡುತ್ತದೆ, ಲೋಟ ಚಮಚದ ಜೊತೆ ಭೇದಿಯೂ ಒಳಗೆ ಬರುತ್ತದೆ. ಕೊಡಗಿನ ಜೇನು ಎಷ್ಟೇ ಶುದ್ಧವಿರಲಿ, ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂಬೇಡಿ. ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣು ಎಳೆ ಕರುಳಲ್ಲಿ ಮೊಳೆತು ವಿಷ ಮಾಡೀತು.

ಅವಸರದ ಮಾತು ಬಂದಾಗ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ನೆನಪಾಗುತ್ತಾರೆ. ಗಂಡು ಇಲಿಯ ದವಡೆಗ್ರಂಥಿಯ ಸಾರವನ್ನು ಹಸುಳೆ ಇಲಿಗಳಿಗೆ ಚುಚ್ಚಿದಾಗ, ಎರಡು ವಾರಕ್ಕೆ ತೆರೆಯಬೇಕಾದ ಕಣ್ಣು ವಾರಕ್ಕೇ ತೆರೆದವು. ಹಾಗೆ ಸಿಕ್ಕ ‘ಬೆಳವಣಿಗೆ ಅಂಶ’ಕ್ಕೆ, ಅಂದರೆ ಕೋಶಗಳನ್ನು ಬೆಳೆಸುವ ಪ್ರೋಟೀನಿಗೆ, 1986ರ ನೊಬೆಲ್, ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆಗೆ. ಆ ಅಂಶ ಇಲಿಯ ಗ್ರಂಥಿಯಲ್ಲಿ ಹೇರಳವಾಗುವುದೇ ಪ್ರಾಯಕ್ಕೆ ಬಂದ ಮೇಲೆ. ಹಸುಳೆಗೆ ಅದನ್ನು ಕೊಡಲು ಸೂಜಿಯೇ ಬೇಕಾಯಿತು.

ಆರು ತುಂಬಿ, ಕುತ್ತಿಗೆ ನಿಂತು, ಆನಿಸಿದರೆ ಕೂತು, ಚಮಚ ಇಟ್ಟರೆ ನಾಲಿಗೆ ಹೊರದೂಡದಿದ್ದಾಗ ಶುರುಮಾಡಿ. ಎರಡು ಮೂರು ಚಮಚ, ದಿನಕ್ಕೆರಡು ಸಲ. ಓರೆ ಮಾಡಿದರೂ ಚಮಚದಿಂದ ಜಾರದಷ್ಟು ಗಟ್ಟಿ ಇರಲಿ. ಎಂಟು ತಿಂಗಳಿಗೆ ಅಕ್ಕಿತರಿಯ ಹಬೆಯುಂಡೆ ಕಡಂಬುಟ್ಟನ್ನು ಬೆರಳಲ್ಲಿ ಪುಡಿಮಾಡಿ ಬೇಳೆಯಲ್ಲಿ ನೆನೆಸಿ ಕೊಡಿ, ಉಂಡೆಯ ತುಂಡು ಬೇಡ, ಗಂಟಲಿಗೆ ಸಿಕ್ಕೀತು. ಹತ್ತನೆಯ ತಿಂಗಳೊಳಗೆ ತರಿತರಿ ಬಾಯಿಗೆ ಬರಲೇಬೇಕು. ತಡವಾದರೆ ಮುಂದೆ ಗಟ್ಟಿ ಆಹಾರ ಕಂಡರೆ ಓಕರಿಸುವ ಮಕ್ಕಳಾಗಬಹುದು.

ಸೊಸೆಗೂ ಒಂದು ಮಾತಿದೆ. ಗ್ರಂಥಿಗೆ ಕೆಲಸ ಕೊಡುವುದು ಜಗಿತ. ಬೆಳೆದ ಇಲಿಗೆ ಬರೀ ದ್ರವಾಹಾರ ಹಾಕಿದರೆ ಕಿವಿಮುಂದಿನ ಗ್ರಂಥಿ ವಾರ ಎರಡು ವಾರದಲ್ಲಿ ಸೊರಗುತ್ತದೆ, ಗಟ್ಟಿ ಮೇವು ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಇತ್ತ ನಮ್ಮ ಮನೆಗಳಲ್ಲಿ ಎರಡು ವರ್ಷದ ಮಗುವಿಗೂ ಮಿಕ್ಸಿ ತಿರುಗುತ್ತಿದೆ. ಡಬ್ಬದ ಪುಡಿ ಕಲಸಿ, ಮೊಬೈಲಲ್ಲಿ ಹಾಡು ಹಾಕಿ, ಬಾಯಿ ತೆರೆದಾಗ ತುರುಕಿದರೆ ಮಗು ಜಗಿಯುವುದೆಲ್ಲಿ? ಆಮೇಲೆ ಅದೇ ಮಗುವನ್ನು ಮೂರಕ್ಕೆ ಶಾಲೆಗೆ ದಬ್ಬಿ, “ಟಿಫಿನ್ ಹತ್ತು ನಿಮಿಷದಲ್ಲಿ ಮುಗಿಸಲ್ಲ” ಎಂದು ಡೈರಿಯಲ್ಲಿ ಬರೆಸಿಕೊಂಡು ಬರುತ್ತೇವೆ. ಊಟಕ್ಕೆ ಅರ್ಧ ಗಂಟೆ ಕೊಡದ ಶಾಲೆ ವಾರ್ಷಿಕೋತ್ಸವಕ್ಕೆ ತಿಂಗಳುಗಟ್ಟಲೆ ಕೊಡುತ್ತದೆ.

ಅಂಗಿಯ ವಿಷಯ: ಗಲ್ಲ ಉಜ್ಜಬೇಡಿ, ಒತ್ತಿ ಒರೆಸಿ ತೆಳುವಾಗಿ ವ್ಯಾಸಲೀನ್ ಸವರಿ. ಅರೆಒಣಗಿದ ಬಟ್ಟೆ ಹಾಕಿದರೆ ಕತ್ತಿನ ಮಡಿಕೆಯಲ್ಲಿ ಬೂಷ್ಟು ಸೋಂಕು ಬಂದೀತು, ಇಸ್ತ್ರಿ ಹಾಕಿಯಾದರೂ ಒಣಗಿಸಿ. ಜ್ವರ ಬಂದು ಇದ್ದಕ್ಕಿದ್ದಂತೆ ಜೊಲ್ಲು ಹೆಚ್ಚಿ, ಹಾಲು ಬಿಟ್ಟು, ಉಸಿರಿನಲ್ಲಿ ಸದ್ದು ಬಂದರೆ ಮಾತ್ರ ಪತ್ರ ಬರೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

—ಸಂ.