ಹಳೆಯ ಫಲಕ ಅಸಲಿಯೋ, ನಕಲಿಯೋ?

ಪ್ರಶ್ನೆ: ಹಳೆಯ ಕಾರುಗಳ ಓಟದ ದಿನಗಳಿಗೆ ತಪ್ಪದೆ ಹೋಗುವ ನನಗೆ, ಅಲ್ಲಿ ಮಾರಾಟಕ್ಕಿಡುವ ಎನಾಮಲ್ ಫಲಕಗಳನ್ನೂ ರೇಸಿನ ಕಾರ್ಯಕ್ರಮ ಪುಸ್ತಿಕೆಗಳನ್ನೂ ಕೂಡಿಡುವ ಹುಚ್ಚು. ಅಸಲಿ ಫಲಕವನ್ನು ಗುರುತಿಸುವುದು, ಕಾಗದವನ್ನು ಕಾಪಾಡುವುದು ಹೇಗೆ?

ಉತ್ತರ: ನಿಮ್ಮ ಹುಚ್ಚು ಸಕಾರಣವಾದದ್ದೇ. ಮೋಟಾರು ಓಟಕ್ಕೆಂದೇ ಕಟ್ಟಿ 1907ರಲ್ಲಿ ತೆರೆದ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ 1939ರ ಬಳಿಕ ಓಟ ನಡೆಯಲಿಲ್ಲ. ಅಂಥ ದಿನಗಳನ್ನು ಇಂದು ನಮ್ಮ ಕೈಗೆ ಮುಟ್ಟಿಸುವುದು ಪುಸ್ತಿಕೆ, ಬಿಲ್ಲೆಗಳೇ.

ಎನಾಮಲ್ ಎಂಬುದು ಬಣ್ಣವಲ್ಲ. ಲೋಹದ ತಗಡಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಬೆಸೆದ ಗಾಜು. ಬಣ್ಣಗಳನ್ನು ಪದರಪದರವಾಗಿ ಸುಡುತ್ತಿದ್ದುದರಿಂದ, ಅಕ್ಷರದ ಅಂಚಿನ ಮೇಲೆ ಬೆರಳಾಡಿಸಿದರೆ ಸಣ್ಣ ಮೆಟ್ಟಿಲು ತಗಲುವುದುಂಟು. ಹೊಸ ನಕಲುಗಳನ್ನೂ ಹೀಗೆಯೇ ಸುಡಬಹುದಾದ ಕಾರಣ ಅಷ್ಟಕ್ಕೇ ನಂಬಬೇಡಿ. ತಿರುಪಿನ ತೂತುಗಳನ್ನು ನೋಡಿ. ಮೊಳೆ ಬಿಗಿದಾಗ ಗಾಜು ಸಿಡಿದು, ವರ್ಷಗಟ್ಟಲೆ ನೀರಿಳಿದ ಕಡೆ ತುಕ್ಕು ಕಪ್ಪಾಗಿ, ಒಂದೊಂದು ತೂತಿನಲ್ಲಿ ಒಂದೊಂದು ಬಗೆಯಾಗಿರುತ್ತದೆ. ನಾಲ್ಕೂ ಮೂಲೆಗಳಲ್ಲಿ ಒಂದೇ ಅಳತೆಯ ಕಿತ್ತಳೆ ತುಕ್ಕು ಕಂಡರೆ, ಅದು ಮಾರುವವನ ಕೈಚಳಕವೆಂದೇ ನನ್ನ ಅನುಮಾನ.

ಪುಸ್ತಿಕೆಗಳಿಗೆ ಲ್ಯಾಮಿನೇಷನ್, ಅಂಟುಪಟ್ಟಿ ಎರಡೂ ಬೇಡ. ಅಗ್ಗದ ಕಾಗದದಲ್ಲಿ ಉಳಿದಿರುವ, ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುವುದರಿಂದ, ಆಮ್ಲರಹಿತ ಹೊದಿಕೆಯಲ್ಲಿ, ಕತ್ತಲಾದ ಒಣ ಜಾಗದಲ್ಲಿ ಚಪ್ಪಟೆಯಾಗಿ ಇಡಿ. ಅಂದಿನ ಪ್ರೇಕ್ಷಕರು ಚಾಲಕರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಗೀಚಿದ ಲ್ಯಾಪ್ ಸಮಯಗಳಿದ್ದರೆ ದಯವಿಟ್ಟು ಅಳಿಸಬೇಡಿ. ಶುಭ್ರ ಪ್ರತಿಗಿಂತ ಅಂಥದ್ದನ್ನೇ ನಾನು ಆರಿಸಿಕೊಳ್ಳುತ್ತೇನೆ.