ಜಪಾನಿನ ಬೀದಿಗಳಲ್ಲಿ ಕಸದ ತೊಟ್ಟಿ ಯಾಕಿಲ್ಲ? ಕಸ ಎಲ್ಲಿ ಹಾಕುತ್ತಾರೆ?
1995ರ ಮಾರ್ಚಿನಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲದ ದಾಳಿ ನಡೆದ ಮೇಲೆ ನಿಲ್ದಾಣ, ಬೀದಿಗಳ ಎಷ್ಟೋ ತೊಟ್ಟಿಗಳನ್ನು ತೆಗೆದುಹಾಕಿದರು. ಈಗ ಕಸ ಚೀಲದಲ್ಲಿ ಮನೆಗೇ ಬರುತ್ತದೆ. ಪಾನೀಯ ಮಾರುವ ಯಂತ್ರದ ಪಕ್ಕದ ಡಬ್ಬಿ ಖಾಲಿ ಬಾಟಲಿ, ಕ್ಯಾನುಗಳಿಗೆ ಮಾತ್ರ. ಅದರಲ್ಲಿ ತಿಂಡಿ ಪೊಟ್ಟಣ ತುರುಕಬೇಡಿ.

ಮನೆಯಲ್ಲೇ ನಿಜವಾದ ಕೆಲಸ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದು, ಲೇಬಲ್ ಸುಲಿದು, ಒಳಗೆ ತೊಳೆದು, ಚಪ್ಪಟೆ ಮಾಡಿ, ಅದಕ್ಕೆಂದೇ ಗೊತ್ತುಮಾಡಿದ ದಿನ ಹೊರಗಿಡಬೇಕು. ಸುಡುವ ಕಸಕ್ಕೆ ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ, ಹೆಚ್ಚಿನ ಕಡೆ ಬೆಳಿಗ್ಗೆ 8ರೊಳಗೆ. ರಾತ್ರಿಯೇ ಇಟ್ಟರೆ ಕಾಗೆಗಳು ಚೀಲ ಹರಿದು ರಸ್ತೆಗೆಲ್ಲ ಹರಡುತ್ತವೆ. ಅದಕ್ಕೇ ಮೇಲೆ ಬಲೆ. ಬೇರೆ ಬೇರೆ ಬಗೆಯ ಕಸ ಬೆರಕೆ ಮಾಡಿದರೆ ಕಸ ಒಯ್ಯುವವರು ಚೀಲಕ್ಕೆ ಎಚ್ಚರಿಕೆ ಚೀಟಿ ಅಂಟಿಸಿ ಅಲ್ಲೇ ಬಿಡುತ್ತಾರೆ. ನೆರೆಹೊರೆಯವರ ನೋಟವೇ ದಂಡ!